180 ದಿನದ ಲೆಕ್ಕ ಕೊಡಿ!

ಡಿಗ್ರಿ ಓದುತ್ತಿರುವ ಗೆಳೆಯರೇ, ಗೆಳತಿಯರೇ!
ಓದು ಮುಗಿಸಿ ಮನೆಯಲ್ಲಿ ಕೂತಿರುವ ಅಣ್ಣಂದಿರೇ, ಅಕ್ಕಂದಿರೇ!
ಸಾಲ ಮಾಡಿ ಫೀಸು ಕಟ್ಟಿದ ಅಪ್ಪ ಅಮ್ಮಂದಿರೇ!

ಒಂದು ನಿಮಿಷ ನಿಲ್ಲಿ. ಬಸ್ಸು ಬರಲು ಇನ್ನೂ ಹೊತ್ತಿದೆ. ಇದನ್ನು ಓದಿ.

ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆದು ಎಷ್ಟು ತಿಂಗಳಾಯಿತು? ರಿಸಲ್ಟ್ ಬಂತಾ? ಬಂದಿದ್ದರೆ ಪೂರ್ತಿ ಬಂತಾ? ಒಂದು ಪೇಪರಿನ ಮುಂದೆ ‘ಗೈರುಹಾಜರು’ ಅಂತ ಇದೆಯಾ? ಗಂಟೆಗಟ್ಟಲೆ ಕೂತು ನೀವೇ ಬರೆದ ಪೇಪರ್ ಅದು! ಬೆರಳು ನೊಂದದ್ದು ಇನ್ನೂ ನೆನಪಿದೆ. ಹಾಲ್ ಟಿಕೆಟ್ ಮೇಲೆ ಮೇಲ್ವಿಚಾರಕರ ಸಹಿ ಇದೆ. ರಿಸಲ್ಟ್ ತೋರಿಸುವ ಪೋರ್ಟಲ್ ಮಾತ್ರ, ನೀವು ಬರಲೇ ಇಲ್ಲ ಅನ್ನುತ್ತದೆ!

ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. ಒಂದರ ಹೆಸರು ಬರೆದರೆ ಉಳಿದವರು ‘ನಮ್ಮದಲ್ಲ’ ಅಂತ ಮಗ್ಗುಲು ಬದಲಿಸಿ ಮಲಗುತ್ತಾರೆ. ನಿಮ್ಮ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿ. ಮೇಲೆ ಯಾವ ಹೆಸರಿದೆಯೋ ಅದೇ! ಮಾರ್ಕ್ಸ್ ಕಾರ್ಡೇ ಕೈಗೆ ಬಂದಿಲ್ಲವಾ? ಹಾಗಾದರೆ ಅನುಮಾನವೇ ಬೇಡ, ಅದೇ!

ಪೆಟ್ಟು ಯಾರಿಗೆ?

ಕಂಪನಿಯವರು ಬಂದರು, ಆರಿಸಿಕೊಂಡರು. ‘ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ) ತಂದು ಸೇರಿಕೊಳ್ಳಿ’ ಅಂದರು. ಪಿಡಿಸಿ ಬರಲಿಲ್ಲ. ಕಂಪನಿ ಕಾಯಲಿಲ್ಲ. ಊರಲ್ಲಿ ಆಗಲೇ ಸಿಹಿ ಹಂಚಿದ್ದ ಅಮ್ಮನಿಗೆ ಈಗ ಏನು ಹೇಳುವುದು?

ಎಂ.ಎ. ಸೀಟು ಸಿಕ್ಕಿತು. ಕೌನ್ಸೆಲಿಂಗ್‌ನಲ್ಲಿ ಆರನೇ ಸೆಮಿಸ್ಟರಿನ ಅಂಕ ಕೇಳಿದರು. ‘ಇನ್ನೂ ಬಿಟ್ಟಿಲ್ಲ ಸಾರ್’ ಅಂದಳು ಆ ಹುಡುಗಿ. ‘ಮುಂದಿನವರು ಬನ್ನಿ’ ಅಂದರು ಅವರು. ಒಂದು ವರ್ಷ ಹೋಯಿತು. ಹೆಣ್ಣುಮಕ್ಕಳಿಗೆ ಒಂದು ವರ್ಷ ಅಂದರೆ ಏನಂತ ನಮ್ಮ ಊರುಗಳಲ್ಲಿ ಹುಟ್ಟಿದವರಿಗೆ ಗೊತ್ತು. ಮನೆಗೆ ಗಂಡಿನ ಕಡೆಯವರು ಬರುತ್ತಾರೆ. ಪುಸ್ತಕ ಅಟ್ಟ ಸೇರುತ್ತದೆ.

ಪರೀಕ್ಷೆಯ ಅರ್ಜಿ ತುಂಬಲು ಪೋರ್ಟಲ್‌ಗೆ ಒಟಿಪಿ ಬೇಕು. ಒಟಿಪಿ ಬರುವುದು ಅಪ್ಪನ ಫೋನಿಗೆ. ಅಪ್ಪ ಹೊಲದಲ್ಲಿ, ಅಲ್ಲಿ ನೆಟ್‌ವರ್ಕ್ ಇಲ್ಲ. ಸೈಬರ್ ಸೆಂಟರಿನಲ್ಲಿ ಸರತಿ. ನಿಮ್ಮ ಪಾಳಿ ಬಂದಾಗ ಸರ್ವರ್ ಡೌನ್. ಮಾರನೇ ದಿನ ಬಂದರೆ ದಂಡ! ಸರ್ವರ್ ಮಲಗಿದ್ದಕ್ಕೆ ದಂಡ ಕಟ್ಟುವವರು ನಾವು!

ಇದಕ್ಕೆ ‘ಡಿಜಿಟಲ್ ಸೇವೆ’ ಅಂತ ಹೆಸರು.

ಮೂರು 180

ಗೆಳೆಯರೇ, ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ. ನೂರ ಎಂಬತ್ತು! ನಮ್ಮ ಹಣೆಬರಹದಲ್ಲಿ ಅದು ಮೂರು ಸಲ ಬರುತ್ತದೆ.

ಮೊದಲನೆಯದು ಪಾಠದ 180. ವರ್ಷಕ್ಕೆ ಕನಿಷ್ಠ 180 ದಿನ ಪಾಠ ನಡೆಯಬೇಕು ಅಂತ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2003ರಲ್ಲೇ ಬರೆಯಿತು. ಪರೀಕ್ಷೆಯ ದಿನಗಳನ್ನು ಬಿಟ್ಟು!

ನಿಮ್ಮಲ್ಲಿ ಎಷ್ಟು ದಿನ ನಡೆಯಿತು? ಸೆಮಿಸ್ಟರ್ ಶುರುವಾಯಿತು, ಮೇಷ್ಟ್ರು ಇಲ್ಲ. ಅತಿಥಿ ಉಪನ್ಯಾಸಕರ ಪಟ್ಟಿ ಬರುವಷ್ಟರಲ್ಲಿ ಮೊದಲ ಇಂಟರ್ನಲ್ ಬಂದಿರುತ್ತದೆ. ಅವರ ಮೇಲೆ ಸಿಟ್ಟು ಬೇಡ. ಸರ್ಕಾರಿ ಪದವಿ ಕಾಲೇಜುಗಳ ಪಾಠದ ನೊಗ ಹೊತ್ತವರೇ ಅವರು. ಸೇವಾ ಭದ್ರತೆ ಕೊಡಿ ಅಂತ 2023ರ ಕೊನೆಯಲ್ಲಿ ವಾರಗಟ್ಟಲೆ ಮುಷ್ಕರ ಹೂಡಿದರು. 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಪಾಠ ಮಾಡಬೇಕಾದವರು ಹೆದ್ದಾರಿಯಲ್ಲಿ, ಪಾಠ ಕೇಳಬೇಕಾದವರು ಕ್ಯಾಂಟೀನಿನಲ್ಲಿ! ಅವರ ಹೊಟ್ಟೆಗೂ ಪೆಟ್ಟು, ನಮ್ಮ ತಲೆಗೂ ಪೆಟ್ಟು!

ಎರಡನೆಯದು ಪದವಿಯ 180. ಪಾಸಾಗುವ ಹೊತ್ತಿನಿಂದ 180 ದಿನದೊಳಗೆ ಪದವಿ ಕೈಗೆ ಕೊಡಬೇಕು. ಇದು ಯುಜಿಸಿಯ 2008ರ ನಿಯಮ. ನಿಮಗೆ ಕೊಟ್ಟರಾ? ಘಟಿಕೋತ್ಸವಕ್ಕೆ ಶಾಮಿಯಾನ ಹಾಕಲು ದಿನ ಸಿಗುತ್ತದೆ, ಪ್ರಮಾಣಪತ್ರಕ್ಕೆ ಸಹಿ ಹಾಕಲು ಸಿಗುವುದಿಲ್ಲ!

ಮೂರನೆಯದು ನಿರುದ್ಯೋಗದ 180. ರಾಜ್ಯ ಸರ್ಕಾರದ ಯುವನಿಧಿ ಗೊತ್ತಲ್ಲ? 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದದ್ದು. ಪದವಿ ಮುಗಿಸಿ 180 ದಿನ ಕೆಲಸ ಸಿಗದಿದ್ದರೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಒಳ್ಳೆಯದು, ಬೇಡ ಅನ್ನುವವರಿಲ್ಲ. ಆದರೆ ಪದವಿ ಮುಗಿದಿದೆ ಅಂತ ತೋರಿಸುವ ದಾಖಲೆ ಬೇಕಲ್ಲ? ಅದನ್ನು ಕಂಪ್ಯೂಟರಿಗೆ ಏರಿಸಬೇಕಾದವರು ಯಾರು? ಅದೇ ವಿಶ್ವವಿದ್ಯಾಲಯ! ಅವರು ಏರಿಸಿಲ್ಲ. ಕೆಲಸವೂ ಇಲ್ಲ, ಕೆಲಸ ಇಲ್ಲ ಅನ್ನುವುದಕ್ಕೆ ಪುರಾವೆಯೂ ಇಲ್ಲ!

ನೋಡಿದಿರಾ? ಪಾಠದ ದಿನ ಎಣಿಸುವವರಿಲ್ಲ. ಪದವಿಯ ದಿನ ಎಣಿಸುವವರಿಲ್ಲ. ನಾವು ಖಾಲಿ ಕೂತ ದಿನಗಳನ್ನು ಮಾತ್ರ ಒಂದೂ ಬಿಡದೆ ಎಣಿಸುತ್ತಾರೆ!

ಬೋರ್ಡಿನ ಮೇಲೆ ಕಂಪ್ಯೂಟರ್

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶಕ್ಕೇ ಮೊದಲು ನಮ್ಮ ರಾಜ್ಯದಲ್ಲಿ ತಂದರು. ಡಿಗ್ರಿ ನಾಲ್ಕು ವರ್ಷ ಅಂದರು. ಇನ್ನೊಂದು ಸರ್ಕಾರ ಬಂದು 2024ರಲ್ಲಿ ಮತ್ತೆ ಮೂರು ವರ್ಷ ಅಂದಿತು. ಯಾರು ಸರಿ ಅನ್ನುವ ಜಗಳ ಅವರದು. ನಡುವೆ ಸಿಕ್ಕಿಕೊಂಡ ಮೂರು ಬ್ಯಾಚುಗಳು ನಮ್ಮವು. ಯಾವ ಸಿಲಬಸ್, ಯಾವ ಪುಸ್ತಕ, ಎಷ್ಟು ಕ್ರೆಡಿಟ್ ಅಂತ ಕೇಳಿದರೆ ಮೇಷ್ಟ್ರು ಆಫೀಸಿನ ಕಡೆ ಕೈ ತೋರಿಸಿದರು. ಆಫೀಸಿನವರು ಪೋರ್ಟಲ್ ಕಡೆ ತೋರಿಸಿದರು.

ಆ ಶಿಕ್ಷಣ ನೀತಿಯ ಸಿಲಬಸ್‌ನಲ್ಲಿ ‘ಡಿಜಿಟಲ್ ಫ್ಲೂಯೆನ್ಸಿ’ ಅಂತ ಒಂದು ಪೇಪರ್ ಕಡ್ಡಾಯವಾಗಿತ್ತು. ನಾವು ಅದನ್ನು ಹೇಗೆ ಕಲಿತೆವು? ಮೇಷ್ಟ್ರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರು, ನಾವು ನೋಟ್‌ಬುಕ್ಕಿಗೆ ಇಳಿಸಿಕೊಂಡೆವು. ಕಂಪ್ಯೂಟರ್ ಲ್ಯಾಬಿಗೆ ಬೀಗ. ಕೀ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿಲ್ಲ. ನೀರಿಗಿಳಿಯದೆ ಈಜಿನಲ್ಲಿ ಫಸ್ಟ್ ಕ್ಲಾಸ್ ಬಂದೆವು!

ಆಮೇಲೆ ಇಂಟರ್‌ವ್ಯೂಗೆ ಹೋದರೆ ‘ಒಂದು ಎಕ್ಸೆಲ್ ಶೀಟ್ ಮಾಡಿ ತೋರಿಸಿ’ ಅನ್ನುತ್ತಾರೆ. ನಮ್ಮ ಕೈ ನಡುಗುತ್ತದೆ. ‘ಈಗಿನ ಹುಡುಗರಿಗೆ ಕೌಶಲ ಇಲ್ಲ’ ಅಂತ ಭಾಷಣ ಮಾಡುತ್ತಾರೆ. ಸ್ವಾಮಿ, ಆ ಬೀಗದ ಕೀ ಎಲ್ಲಿ? ಮೊದಲು ಅದನ್ನು ಹೇಳಿ!

ನಾವು ಏನು ಕೇಳುತ್ತಿದ್ದೇವೆ?

1. ಸೆಮಿಸ್ಟರಿನ ಮೊದಲ ದಿನವೇ ಎಲ್ಲ ವಿಷಯಕ್ಕೂ ಮೇಷ್ಟ್ರು ಇರಬೇಕು.
2. ಪರೀಕ್ಷೆಯ ವೇಳಾಪಟ್ಟಿಯ ಜೊತೆಗೇ ರಿಸಲ್ಟ್ ದಿನವನ್ನೂ ಅಚ್ಚು ಹಾಕಿಸಿ. ತಪ್ಪಿದರೆ ದಂಡ ವಿಶ್ವವಿದ್ಯಾಲಯವೇ ಕಟ್ಟಲಿ.
3. ಪೋರ್ಟಲ್ ಕನ್ನಡದಲ್ಲಿರಲಿ, ಸಾಧಾರಣ ಫೋನಿನಲ್ಲೂ ತೆರೆಯಲಿ. ಸರ್ವರ್ ನಿಂತ ದಿನಗಳಷ್ಟು ಕೊನೆಯ ದಿನಾಂಕ ತಾನಾಗಿ ಮುಂದೆ ಹೋಗಲಿ.
4. ಪ್ರತಿ ಕಾಲೇಜಿನಲ್ಲಿ ಪೋರ್ಟಲ್ ಕೆಲಸಕ್ಕೆಂದೇ ಒಬ್ಬ ಮನುಷ್ಯ ಕೂರಲಿ. ಮುಖ ನೋಡಿ ಮಾತಾಡುವ ಮನುಷ್ಯ!
5. ಲ್ಯಾಬಿನ ಬೀಗ ತೆಗೆಯಿರಿ. ಸಂಜೆಯವರೆಗೂ ತೆರೆದಿಡಿ.
6. ತಾಲ್ಲೂಕು ಕಾಲೇಜಿಗೂ ಕಂಪನಿಗಳನ್ನು ಕರೆಸಿ. ಬರೀ ಸರ್ಟಿಫಿಕೇಟಿನ ಇಂಟರ್ನ್‌ಶಿಪ್ ಬೇಡ, ಕೆಲಸ ಕಲಿಸುವ ಇಂಟರ್ನ್‌ಶಿಪ್ ಕೊಡಿ.

ಇದರಲ್ಲಿ ಯಾವುದು ಹೆಚ್ಚಾಯಿತು? ಹೇಳಿ!

ನಾವು ಏನು ಮಾಡಬೇಕು?

ಮನೆಯ ಗೋಡೆ ಮೇಲೆ ಕ್ಯಾಲೆಂಡರ್ ಇದೆಯಲ್ಲ? ಅಮ್ಮ ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತಾಳೆ. ಹಾಲು ಬಂದ ದಿನ ಗೀಟು, ಬಾರದ ದಿನ ಸೊನ್ನೆ. ತಿಂಗಳ ಕೊನೆಗೆ ಸೊನ್ನೆ ಎಣಿಸಿ ದುಡ್ಡು ಕಳೆದೇ ಕೊಡುತ್ತಾಳೆ. ಹಾಲಿನವನು ಎಷ್ಟೇ ಜೋರು ಮಾಡಲಿ, ಕ್ಯಾಲೆಂಡರಿನ ಮುಂದೆ ಅವನ ಆಟ ನಡೆಯದು.

ನಾವೂ ಅದನ್ನೇ ಮಾಡೋಣ! ಪ್ರತಿ ತರಗತಿಗೆ ಒಂದು ಕ್ಯಾಲೆಂಡರ್. ಪಾಠ ನಡೆದ ದಿನ ಗೀಟು, ನಡೆಯದ ದಿನ ಸೊನ್ನೆ. ಸರ್ವರ್ ನಿಂತ ದಿನ, ಲ್ಯಾಬಿಗೆ ಬೀಗ ಬಿದ್ದ ದಿನ, ಎಲ್ಲ ಬರೆಯಿರಿ. ಕೆಳಗೆ ಎಲ್ಲರೂ ಸಹಿ ಹಾಕಿ. ಹಾಲ್ ಟಿಕೆಟ್ಟಿನ ಫೋಟೋ ಜೋಪಾನವಾಗಿಡಿ. ನಾಳೆ ‘ಗೈರುಹಾಜರು’ ಅಂದರೆ ಮುಖದ ಮುಂದೆ ಹಿಡಿಯಲು ಬೇಕು.

ಆಮೇಲೆ ದೂರು ಬರೆಯಿರಿ. ಕಾಲೇಜುಗಳಿಗೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಲೇಬೇಕು ಅಂತ ಯುಜಿಸಿಯ 2023ರ ನಿಯಮ ಹೇಳುತ್ತದೆ. ರಿಸಲ್ಟ್ ತಡವಾದದ್ದೂ ಅಲ್ಲಿ ದೂರೇ! ಸಮಿತಿ 15 ಕೆಲಸದ ದಿನದೊಳಗೆ ವರದಿ ಕೊಡಬೇಕು. ಕೊಟ್ಟ ತೀರ್ಮಾನ ಒಪ್ಪಿಗೆಯಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ (ಮೇಲ್ಮನವಿ ಕೇಳುವವರು) ಹತ್ತಿರ ಹೋಗಬಹುದು. ಸಮಿತಿ ಎಲ್ಲಿದೆ ಅಂತ ಪ್ರಿನ್ಸಿಪಾಲರನ್ನು ನಾಳೆಯೇ ಕೇಳಿ. ಅವರು ತಲೆ ಕೆರೆದುಕೊಂಡರೆ ಅದನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ!

ಬರೀ ಹತ್ತು ರೂಪಾಯಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. 150 ಪದದೊಳಗೆ ಒಂದೇ ವಿಷಯ ಬರೆಯಿರಿ: ‘ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ಎಷ್ಟು ದಿನ ಪಾಠ ನಡೆಯಿತು?’ 30 ದಿನದೊಳಗೆ ಉತ್ತರ ಕೊಡಬೇಕು. ನಿಮ್ಮ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ನಿಮಗಿದೆ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೇಳಿ! ಹೆದರಬೇಡಿ! ಒಬ್ಬರು ಕೇಳಿದರೆ ಗದರುತ್ತಾರೆ. ಇಡೀ ತರಗತಿ ಕೇಳಿದರೆ ಕುರ್ಚಿ ಹಾಕಿ ಕೂರಿಸುತ್ತಾರೆ.

ಈ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾಲೇಜಿನ ಗೇಟಿನ ಮುಂದೆ ಬನ್ನಿ. ಕಲ್ಲು ಬೇಡ, ಬೈಗುಳ ಬೇಡ. ಒಂದು ಕ್ಯಾಲೆಂಡರ್ ತನ್ನಿ, ಒಂದು ಪೆನ್ನು ತನ್ನಿ. ಅತಿಥಿ ಉಪನ್ಯಾಸಕರನ್ನೂ ಕರೆದುಕೊಂಡು ಬನ್ನಿ. ಅಪ್ಪ ಅಮ್ಮಂದಿರೇ, ನೀವೂ ಬನ್ನಿ! ಮುಂದೆ ನಿಲ್ಲಬೇಕಾದವರು ನೀವು.

ಅರ್ಧ ಲೀಟರ್ ಹಾಲು ಕಡಿಮೆ ಬಂದರೆ ಬಿಡದವರು ನೀವು. ಮಕ್ಕಳ ಮೂರು ವರ್ಷಕ್ಕೆ ನೀರು ಬೆರೆಸಿ ಕೊಟ್ಟಿದ್ದಾರೆ. ಸುಮ್ಮನಿರುತ್ತೀರಾ?

ಕ್ಯಾಲೆಂಡರ್ ಕೆಳಗಿಳಿಸಿ! ಸೊನ್ನೆ ಎಣಿಸಿ! ಲೆಕ್ಕ ಕೇಳಿ!

— ರಿಸಲ್ಟಿಗೆ ಕಾದು ಕೂತ ವಿದ್ಯಾರ್ಥಿಗಳು

(ಓದಿ ಬಿಸಾಡಬೇಡಿ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕೊಡಿ.)