ಬಣ್ಣದ ಬಿತ್ತನೆ ಬೀಜ ತೊಳೆದರೆ ತಿನ್ನಬಹುದೇ?

ಕುರೆಕುಪ್ಪದಂತಹ ಊರುಗಳಲ್ಲಿ ಮುಂಗಾರು ಬಿತ್ತನೆ ಮುಗಿದಾಗ ಚೀಲದ ತಳದಲ್ಲಿ ಒಂದಿಷ್ಟು ಮೆಕ್ಕೆಜೋಳದ ಬೀಜ ಉಳಿಯುವುದುಂಟು. ಗುಲಾಬಿ, ಕೆಂಪು ಅಥವಾ ಹಸಿರು ಬಣ್ಣ ಮೆತ್ತಿರುತ್ತದೆ. ‘ಚೆನ್ನಾಗಿ ತೊಳೆದು ಕೋಳಿಗೆ ಹಾಕಿ, ಏನೂ ಆಗಲ್ಲ’ ಎನ್ನುವವರಿದ್ದಾರೆ. ಇದು ನಿಜವೇ?

ಖಂಡಿತ ಅಲ್ಲ. ಬಣ್ಣ ಬರೀ ಎಚ್ಚರಿಕೆಯ ಗುರುತು. ಔಷಧಿ ಬೇರೆ, ಬಣ್ಣ ಬೇರೆ. ನೀರಿಗೆ ಬಣ್ಣ ಬಿಟ್ಟರೂ ವಿಷ ಬೀಜದಲ್ಲೇ ಉಳಿಯಬಹುದು.

ಇದಕ್ಕೆ ಇರಾಕ್ ದೇಶ ದೊಡ್ಡ ಬೆಲೆ ತೆತ್ತಿದೆ. 1971ರಲ್ಲಿ ಅಲ್ಲಿಗೆ ಪಾದರಸದ ಔಷಧಿ ಹಚ್ಚಿದ ಬಿತ್ತನೆ ಗೋಧಿ ಬಂತು. ಚೀಲದ ಮೇಲಿನ ಎಚ್ಚರಿಕೆ ರೈತರಿಗೆ ತಿಳಿಯದ ಭಾಷೆಯಲ್ಲಿತ್ತು. ಬಣ್ಣ ತೊಳೆದರೆ ವಿಷ ಹೋಯಿತೆಂದು ನಂಬಿ ಹಲವರು ರೊಟ್ಟಿ ಮಾಡಿ ತಿಂದರು. ತಿಂದ ಕೂಡಲೇ ಏನೂ ಆಗಲಿಲ್ಲ. ವಾರಗಳ ನಂತರ ಕೈಕಾಲು ಜೋಮು ಹಿಡಿದು, ದೃಷ್ಟಿ ಮಂಜಾಯಿತು. ಸರ್ಕಾರಿ ಲೆಕ್ಕದಲ್ಲೇ 6,530 ಜನ ಆಸ್ಪತ್ರೆ ಸೇರಿದರು, 459 ಜನ ಸತ್ತರು.

ಈಗ ಮೆಕ್ಕೆಜೋಳದ ಬೀಜಕ್ಕೆ ಪಾದರಸ ಹಚ್ಚುವುದಿಲ್ಲ. ಆದರೆ ಈಗ ಬಳಸುವ ಔಷಧಿಗಳೂ ತಿನ್ನುವಂಥವಲ್ಲ. ಉದಾಹರಣೆಗೆ, ಥೈರಾಮ್ ಕೋಳಿಮರಿಗಳ ಕಾಲಿನ ಮೂಳೆ ಕೆಡಿಸುತ್ತದೆ, ತತ್ತಿಯ ಸಿಪ್ಪೆ ಮೆತ್ತಗಾಗುವಂತೆ ಮಾಡುತ್ತದೆ.

ಹಾಗಾದರೆ ಬೀಜಕ್ಕೆ ಔಷಧಿ ಏಕೆ? ಮೊಳಕೆಯೊಡೆಯುವ ಬೀಜದಿಂದ ಸಕ್ಕರೆ ಅಂಶ ಮಣ್ಣಿಗೆ ಸೋರುತ್ತದೆ. ಅದರ ವಾಸನೆ ಹಿಡಿದಂತೆ ಶಿಲೀಂಧ್ರಗಳು ಮುತ್ತುತ್ತವೆ. ಶೇಂಗಾ ಸಸಿಯ ಬುಡ ಕಪ್ಪಾಗಿ ಸಾಯುವುದು ಇಂಥ ರೋಗದಿಂದಲೇ. ಶಿಲೀಂಧ್ರನಾಶಕ ಬೀಜದ ಸುತ್ತ ಬೇಲಿಯಂತೆ ನಿಲ್ಲುತ್ತದೆ. ಕೆಲವು ಕೀಟನಾಶಕಗಳನ್ನು ಬೇರು ಹೀರಿಕೊಂಡು ಎಲೆಗೆ ತಲುಪಿಸುತ್ತದೆ. ಎಳೆ ಎಲೆ ತಿನ್ನಲು ಬಂದ ಹುಳು ಸಾಯುತ್ತದೆ. ಸಸಿ ಬೆಳೆದಂತೆ ಔಷಧಿ ತೆಳುವಾಗುವುದರಿಂದ ಈ ಕಾವಲು ಸಾಮಾನ್ಯವಾಗಿ ಎರಡು ಮೂರು ವಾರ ಮಾತ್ರ.

ಬೀಜೋಪಚಾರ ಗೊಬ್ಬರವಲ್ಲ. ಜೀವವಿಲ್ಲದ ಬೀಜವನ್ನು ಅದು ಮೊಳೆಸದು. ಪ್ರಮಾಣ ಮೀರಿದರೆ ಮೊಳಕೆಯೇ ಕುಗ್ಗಬಹುದು.

ನೆನಪಿಡಿ:

• ಮನೆಯಲ್ಲಿ ಉಳಿಸಿದ ಬೀಜವಾದರೆ, ಮೊದಲು 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು ಎಷ್ಟು ಮೊಳೆಯುತ್ತವೆ ನೋಡಿ.
• ಕಂಪನಿಯೇ ಔಷಧಿ ಹಚ್ಚಿದ ಬೀಜಕ್ಕೆ ಮತ್ತೆ ಹಚ್ಚಬೇಡಿ.
• ರೈಜೋಬಿಯಂನಂತಹ ಜೈವಿಕ ಗೊಬ್ಬರವನ್ನು ರಾಸಾಯನಿಕದ ನಂತರ, ಬಿತ್ತುವ ಮುಂಚೆ ಕೊನೆಯಲ್ಲಿ ಲೇಪಿಸಿ.
• ಕೈಗವಸು ಹಾಕಿ. ಅಡುಗೆ ಪಾತ್ರೆ ಬಳಸಬೇಡಿ.
• ಚೆಲ್ಲಿದ ಬೀಜವನ್ನು ಮಣ್ಣಿನಿಂದ ಮುಚ್ಚಿ, ಇಲ್ಲದಿದ್ದರೆ ಹಕ್ಕಿಗಳು ತಿನ್ನುತ್ತವೆ.
• ಉಳಿದ ಬೀಜವನ್ನು ಅದೇ ಚೀಲದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಏನು ಮಾಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಔಷಧಿ ಹಚ್ಚಿದ ಬೀಜವನ್ನು ಆಹಾರ, ಮೇವು ಅಥವಾ ಎಣ್ಣೆಗೆ ಬಳಸಬಾರದು ಎಂಬ ಸೂಚನೆಯನ್ನು ಚೀಟಿಯಲ್ಲಿ ಮುದ್ರಿಸಬೇಕೆಂದು 1968ರ ಬೀಜ ನಿಯಮಗಳೇ ಹೇಳುತ್ತವೆ. ‘ತೊಳೆದು ಹಾಕಿ’ ಎಂಬ ಸಲಹೆ ನಿಮ್ಮ ಫೋನಿಗೆ ಬಂದರೆ ಮುಂದೆ ಕಳಿಸುವ ಮೊದಲು ಆ ಚೀಟಿ ಓದಿ.