ಗೃಹಸ್ಥರ ಪುಟ: ಕಂಟ್ರಾಕ್ಟರ ಬಿಲ್ಲು

ಮನೆ ಕಟ್ಟಿಸುವವರಿಗೆ ಕಂಟ್ರಾಕ್ಟರು ಕೊಡುವ ಬಿಲ್ಲಿನಲ್ಲಿ ವಿವರವು ಎಷ್ಟಿರತಕ್ಕದ್ದೆಂದು ವಾಚಕರೊಬ್ಬರು ಕೇಳಿದ್ದಾರೆ. ನಮ್ಮ ಬೇಗೂರಿನಲ್ಲಿ ಈಗ ಬೀದಿಬೀದಿಗೂ ಕಟ್ಟಡಗಳು ಏಳುತ್ತಿರುವುದರಿಂದ ಪ್ರಶ್ನೆಯು ಸಮಯೋಚಿತವೇ ಸರಿ.

೨೦೧೭ರ ಜುಲೈ ೧ರಿಂದ ಜಾರಿಗೆ ಬಂದ ಜಿ.ಎಸ್.ಟಿ. ನಿಯಮದ ಮೇರೆಗೆ ತೆರಿಗೆಯ ಬಿಲ್ಲಿನಲ್ಲಿ ಕ್ರಮಸಂಖ್ಯೆ, ತಾರೀಖು, ನೋಂದಣಿ ಸಂಖ್ಯೆ, ಕೆಲಸದ ವಿವರ, ತೆರಿಗೆಯ ದರ, ಮೊತ್ತ, ಇವಿಷ್ಟೂ ಇರಲೇಬೇಕು. ನೋಂದಣಿಯಿಲ್ಲದವನು ತೆರಿಗೆಯೆಂದು ಒಂದು ಕಾಸನ್ನೂ ವಸೂಲು ಮಾಡುವಂತಿಲ್ಲ. ಆದರೆ ಈ ನಿಯಮವು ಬೊಕ್ಕಸವನ್ನು ಕಾಯಲು ಹುಟ್ಟಿದುದು. ಗೃಹಸ್ಥನ ಮನಸ್ಸಮಾಧಾನವನ್ನು ಅದು ಅರಿಯದು.

ಚದರಕ್ಕೆ ಇಷ್ಟೆಂದು ಮೊದಲೇ ಒಪ್ಪಿದ ಕೆಲಸಕ್ಕೆ ಮೊಳೆಮೊಳೆಯ ಲೆಕ್ಕವನ್ನು ಕೇಳುವುದು ನ್ಯಾಯವಲ್ಲ. ಆತನು ಆಳಿಗೆ ಏನು ಕೊಟ್ಟನು, ಸಿಮೆಂಟಿನ ಅಂಗಡಿಯವನು ಎಷ್ಟು ಬಿಟ್ಟನು ಎಂಬುದು ಆತನ ಅನ್ನದ ಮಾತು. ಅಳತೆಯ ಮೇಲೆ ಮಾಡಿಸಿದ ಕೆಲಸವಾದರೆ ಉದ್ದ, ಎತ್ತರ, ಕಳೆತಗಳು ಕಾಣಿಸಬೇಕು: ಹತ್ತಡಿ ಚಚ್ಚೌಕದ ಗೋಡೆಯು ೧೦೦ ಚದರಡಿ, ಅದರಲ್ಲಿ ಏಳಡಿ ಎತ್ತರ, ಮೂರಡಿ ಅಗಲದ ಬಾಗಿಲಿದ್ದರೆ ಗಾರೆಗೆ ಉಳಿಯುವುದು ೭೯. (ಬಾಗಿಲಿಗೂ ಗಾರೆಯ ದರ ಹಾಕಿದ ಬಿಲ್ಲನ್ನು ನಾವು ಕಂಡಿದ್ದೇವೆ.) ಇನ್ನು ಒಪ್ಪಂದದ ಹೊರಗೆ ನಡೆದ ಕೆಲಸಕ್ಕಂತೂ ಎಷ್ಟು ಬರೆದರೂ ಹೆಚ್ಚಾಗದು.

ನಮ್ಮೂರಿನ ವೀರಗಲ್ಲೊಂದು ಬೆಂಗಳೂರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರನು ಕಾಳಗದಲ್ಲಿ ಮಡಿದ ಬಳಿಕ ಗಂಗರ ಎರೆಯಪ್ಪನು ಇರುಗನಿಗೆ 'ಬೆಂಪೂರು ಹನ್ನೆರಡ'ನ್ನು ಕೊಟ್ಟ ಸಂಗತಿಯು ಅದರಲ್ಲಿದೆ. ಹನ್ನೆರಡೆಂದು ಹೇಳಿ ಸುಮ್ಮನಾಗದೆ ಹಳ್ಳಿಗಳನ್ನು ಹೆಸರುಹೆಸರಾಗಿ ಕೆತ್ತಿಸಿದ್ದಾರೆ. ಕಲ್ಲಿನ ಮೇಲೆ ಅಷ್ಟು ಶ್ರಮಪಟ್ಟರು. ನಮಗೆ ಕಾಗದದ ಮೇಲೆಯೂ ಬೇಸರ.

ಕಳೆದ ವರ್ಷ ನಾವು ಹಿತ್ತಿಲಿನಲ್ಲಿ ನೀರಿನ ಸಂಪನ್ನು ತೋಡಿಸಿದೆವು. ಕೊನೆಯ ಬಿಲ್ಲಿನಲ್ಲಿ 'ಇತರೆ ಖರ್ಚು ೩೮,೦೦೦' ಎಂಬ ಒಂದೇ ಪಂಕ್ತಿ. ಸಂಶಯಗ್ರಸ್ತರಾಗಿ ನಾವು ಮೇಸ್ತ್ರಿಯನ್ನು ಅಂಗಳದಲ್ಲಿ ನಿಲ್ಲಿಸಿ, ನಾಲ್ವರು ಕೇಳುವಂತೆ, ಆಡಬಾರದ ಮಾತನ್ನು ಆಡಿದೆವು. ಆತನು ವಾದಿಸಲಿಲ್ಲ; ಗೋಡೆಯ ಪಕ್ಕದಲ್ಲಿ ರಾಶಿ ಬಿದ್ದಿದ್ದ ಕಲ್ಲುಗಳನ್ನು ತೋರಿಸಿದನು. "ಆರಡಿಗೇ ಬಂಡೆ ಸಿಕ್ತು ಮೇಷ್ಟ್ರೇ. ಒಡೆಯೋಕೆ ನಾಲ್ಕು ದಿನ ಮಿಷನ್ ತರಿಸಿದೆ. ನೀವು ಊರಲ್ಲಿರಲಿಲ್ಲ" ಎಂದನು. ಇಷ್ಟನ್ನೇ ಬಿಲ್ಲಿನಲ್ಲಿ ಬರೆದಿದ್ದರೆ! ಅಥವಾ ನಾವೇ ಮೊದಲು ಕೇಳಿ, ಬಳಿಕ ಕೋಪಿಸಿಕೊಂಡಿದ್ದರೆ!

ಹಣವನ್ನು ಅಂದೇ ಕೊಟ್ಟೆವು. ಆತನು ಈಗಲೂ ದಾರಿಯಲ್ಲಿ ಕಂಡರೆ ಕೈಮುಗಿಯುತ್ತಾನೆ; ಕಾಫಿಗೆ ಕರೆದರೆ ಮಾತ್ರ ಕೆಲಸವಿದೆಯೆಂದು ಹೊರಟುಹೋಗುತ್ತಾನೆ.