ಹಣ ಕೊಡುವ ಮೊದಲೇ ಪರೀಕ್ಷೆ: ಆಕ್ಷೇಪಗಳಿಗೆ ಉತ್ತರ

ಅಪರೂಪದ ಹಳೆಯ ರಿವಾಲ್ವರ್ ಕೊಳ್ಳುವವರು ಹಣ ಕೊಡುವ ಮೊದಲು ಅದನ್ನು ಬಿಚ್ಚಿಸಿ, ಮಾರಾಟದಲ್ಲಿ ಪಾಲಿಲ್ಲದ ಪರಿಣತರೊಬ್ಬರಿಂದ ನೋಡಿಸಲೇಬೇಕು ಎಂಬುದು ನನ್ನ ವಾದ. ಇದನ್ನು ಒಪ್ಪದ ಸಂಗ್ರಾಹಕರು ಹಲವರಿದ್ದಾರೆ. ಅವರ ಆಕ್ಷೇಪಗಳಲ್ಲಿ ಕೆಲವು ತೂಕದವು. ಒಂದೊಂದಾಗಿ ಉತ್ತರಿಸುತ್ತೇನೆ.

ಮೊದಲು, ಪಣಕ್ಕಿರುವುದು ಏನೆಂದು ನೋಡೋಣ. ಟೆಕ್ಸಾಸ್ ರೇಂಜರ್ಸ್ ಪಡೆಯಲ್ಲಿ ಹೆಸರು ಮಾಡಿದ್ದ ಕ್ಯಾಪ್ಟನ್ ಸ್ಯಾಮ್ಯುಯೆಲ್ ವಾಕರ್ ಅವರ ಸಲಹೆಯಂತೆ ಸ್ಯಾಮ್ಯುಯೆಲ್ ಕೋಲ್ಟ್ 1847ರಲ್ಲಿ ರೂಪಿಸಿದ ರಿವಾಲ್ವರ್ ಕೋಲ್ಟ್ ವಾಕರ್. ಸುಮಾರು ಎರಡು ಕಿಲೋ ತೂಕ, ಒಂಬತ್ತು ಇಂಚಿನ ನಳಿಗೆ. ಕನೆಕ್ಟಿಕಟ್‌ನ ವಿಟ್ನಿವಿಲ್‌ನಲ್ಲಿ ಸೇನೆಗೆಂದು ತಯಾರಾದವು 1,000, ಹೊರಗಿನವರಿಗೆ ಸುಮಾರು 100. ಎಷ್ಟೋ ಸಿಲಿಂಡರ್‌ಗಳು ಗುಂಡು ಹಾರಿಸುವಾಗಲೇ ಸಿಡಿದುಹೋದವು. ಹಾಗಾಗಿ ಉಳಿದಿರುವವು ಕಡಿಮೆ. 2018ರಲ್ಲಿ ಅಂಥ ಒಂದು ವಾಕರ್, ತನ್ನ ಪೆಟ್ಟಿಗೆಯ ಸಮೇತ, 18 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ಇಷ್ಟು ಹಣ ಓಡಾಡುವ ಕಡೆ ನಕಲಿ ಮಾಡುವವನೂ ಇದ್ದೇ ಇರುತ್ತಾನೆ.

ಆಕ್ಷೇಪ ಒಂದು: "ಕಂಪನಿಯ ಪತ್ರವಿದ್ದರೆ ಸಾಕು."

ಕೋಲ್ಟ್ ಕಂಪನಿ ತನ್ನ ದಾಖಲೆ ನೋಡಿ ಪತ್ರ ಕೊಡುತ್ತದೆ, ನಿಜ. ಅದರ ಬೆಲೆಯನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಆ ಪತ್ರ ಹೇಳುವುದು ಇಷ್ಟೇ: ಇಂಥ ನಂಬರಿನ, ಇಷ್ಟುದ್ದ ನಳಿಗೆಯ ರಿವಾಲ್ವರ್ ಇಂಥ ದಿನ ಇಂಥವರಿಗೆ ಹೋಯಿತು. ನಿಮ್ಮ ಕೈಯಲ್ಲಿರುವುದು ಅದೇ ರಿವಾಲ್ವರ್ ಎಂದು ಅದು ಹೇಳುವುದಿಲ್ಲ, ಹೇಳಲು ಸಾಧ್ಯವೂ ಇಲ್ಲ. ನಕಲಿಗಾರ ಬಲ್ಲವನಾಗಿದ್ದರೆ ಒಳ್ಳೆಯ ನಂಬರನ್ನು ಮೊದಲು ಹುಡುಕಿ, ಆಮೇಲೆ ಅದನ್ನೇ ಲೋಹದ ಮೇಲೆ ಹೊಡೆಯುತ್ತಾನೆ. ಆಗ ಪತ್ರ ಅವನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಜೊತೆಗೆ, 1864ರ ಫೆಬ್ರವರಿಯಲ್ಲಿ ಹಾರ್ಟ್‌ಫರ್ಡ್‌ನ ಕಾರ್ಖಾನೆಗೆ ಬೆಂಕಿ ಬಿದ್ದು ಹಿಂದಿನ ಎಷ್ಟೋ ದಾಖಲೆಗಳು ನಾಶವಾದವು. ಅತ್ಯಂತ ದುಬಾರಿ ಮಾದರಿಗಳ ಕಾಲಕ್ಕೇ ಕಾಗದದ ಆಸರೆ ತೆಳು.

ಆಕ್ಷೇಪ ಎರಡು: "ನಂಬರ್‌ಗಳೆಲ್ಲ ಹೊಂದಿದರೆ ಅಸಲಿ, ಹೊಂದದಿದ್ದರೆ ನಕಲಿ."

ಎರಡು ಮಾತೂ ತಪ್ಪು. ಕೋಲ್ಟ್ ಕಂಪನಿಯ 1873ರ 'ಸಿಂಗಲ್ ಆಕ್ಷನ್ ಆರ್ಮಿ' ರಿವಾಲ್ವರನ್ನೇ ತೆಗೆದುಕೊಳ್ಳಿ. 1890ರ ದಶಕದಲ್ಲಿ ಅಮೆರಿಕದ ಸೇನೆ ಅಶ್ವದಳದ ರಿವಾಲ್ವರ್‌ಗಳನ್ನು ವಾಪಸ್ ತರಿಸಿ, ಏಳೂವರೆ ಇಂಚಿನ ನಳಿಗೆಯನ್ನು ಐದೂವರೆಗೆ ಕತ್ತರಿಸಿತು. ಬಿಚ್ಚಿದ ಭಾಗಗಳನ್ನು ಮತ್ತೆ ಜೋಡಿಸುವಾಗ ಯಾವುದರ ಭಾಗ ಯಾವುದಕ್ಕೆ ಎಂದು ಯಾರೂ ನೋಡಲಿಲ್ಲ. ಸಂಗ್ರಾಹಕರು 'ಆರ್ಟಿಲರಿ ಮಾಡೆಲ್' ಎನ್ನುವ ಈ ರಿವಾಲ್ವರ್‌ಗಳಲ್ಲಿ ನಂಬರ್ ಕಲಸಿಹೋಗಿರುವುದೇ ಸಹಜ. ಎಲ್ಲ ಕಡೆ ಒಂದೇ ನಂಬರ್ ಇದ್ದರೆ ಅಲ್ಲೇ ಅನುಮಾನ ಹುಟ್ಟಬೇಕು.

ನಂಬರ್ ಏನು ಎಂಬುದಕ್ಕಿಂತ ಅದು ಹೇಗೆ ಕೂತಿದೆ ಎಂಬುದು ಮುಖ್ಯ. ಅಚ್ಚು ಇಟ್ಟು ಹೊಡೆದಾಗ ಅಂಕಿಯ ಅಂಚಿನಲ್ಲಿ ಲೋಹ ಕೂದಲೆಳೆಯಷ್ಟು ಉಬ್ಬುತ್ತದೆ. ಮೇಲ್ಮೈಯನ್ನು ಆಮೇಲೆ ಉಜ್ಜಿದ್ದರೆ ಆ ಉಬ್ಬು ಮಾಯವಾಗಿ ಅಂಕಿ ಆಳ ಕಳೆದುಕೊಂಡಿರುತ್ತದೆ. ತುಕ್ಕಿನ ಗುಳಿಗಳನ್ನು ಭೂತಗನ್ನಡಿಯಲ್ಲಿ ನೋಡಿ. ಅಂಕಿ ಹಳೆಯದಾದರೆ ತುಕ್ಕು ಅದರ ಅಂಚನ್ನೂ ತಳವನ್ನೂ ತಿಂದಿರುತ್ತದೆ. ಸುತ್ತಲೂ ಗುಳಿಗಳಿದ್ದು ಅಂಕಿಯ ತಳ ಮಾತ್ರ ನುಣುಪಾಗಿದ್ದರೆ, ತುಕ್ಕು ಮೊದಲು ಬಂದಿದೆ, ಅಂಕಿ ಆಮೇಲೆ ಬಂದಿದೆ. ಈ ಸುಳಿವು ಯಾವ ಪತ್ರದಲ್ಲೂ ಸಿಗುವುದಿಲ್ಲ.

ಆಕ್ಷೇಪ ಮೂರು: "ಬಿಚ್ಚಿದರೆ ವಸ್ತು ಹಾಳಾಗುತ್ತದೆ, ಪಳಗಿದ ಕಣ್ಣೇ ಸಾಕು."

ಇದರಲ್ಲಿ ಅರ್ಧ ಸತ್ಯವಿದೆ. ಅಳತೆಗೆ ಹೊಂದದ ಸ್ಕ್ರೂಡ್ರೈವರ್ ನೂರೈವತ್ತು ವರ್ಷದ ಸ್ಕ್ರೂ ತಲೆಯನ್ನು ಒಂದೇ ತಿರುವಿಗೆ ಕೆಡಿಸುತ್ತದೆ. ಆದ್ದರಿಂದಲೇ ಬಲ್ಲವರು ಬಿಚ್ಚಬೇಕು ಎನ್ನುತ್ತಿದ್ದೇನೆ. ಬಿಚ್ಚಲೇಬಾರದು ಎಂಬ ತೀರ್ಮಾನ ಇದರಿಂದ ಹುಟ್ಟುವುದಿಲ್ಲ. ಹೊರಮೈಯನ್ನು ಹಳೆಯದಾಗಿ ಕಾಣಿಸುವುದು ನಕಲಿಗಾರನಿಗೆ ಸುಲಭ. ಹಿಡಿಯ ಮರದ ಒಳಬದಿ, ಸ್ಪ್ರಿಂಗ್ ಕೂರುವ ಜಾಗ, ಫ್ರೇಮಿನ ಒಳಗೋಡೆ ಇವುಗಳನ್ನು ಹೊಂದಿಸುವುದು ಅವನಿಗೆ ಕಷ್ಟ. ಇಟಲಿಯಲ್ಲಿ ವಾಕರ್‌ನ ಪ್ರತಿಕೃತಿಗಳು ತಯಾರಾಗಿ, ಪ್ರತಿಕೃತಿಗಳೆಂದೇ ಪ್ರಾಮಾಣಿಕವಾಗಿ ಮಾರಾಟವಾಗುತ್ತವೆ. ಅಲ್ಲಿನ ಕಾನೂನಿನಂತೆ ಅವುಗಳ ಮೇಲೆ ಪರೀಕ್ಷಾ ಮುದ್ರೆ ಇರುತ್ತದೆ. ಮೋಸ ಶುರುವಾಗುವುದು ಆಮೇಲೆ ಯಾರೋ ಆ ಮುದ್ರೆಯನ್ನು ಅರೆದು ಅಳಿಸಿದಾಗ. ಅರೆದ ಜಾಗದಲ್ಲಿ ಉಳಿಯುವ ಸಣ್ಣ ತಗ್ಗು ಓರೆಬೆಳಕು ಬಿಟ್ಟರೆ ಕಾಣುತ್ತದೆ. ಎಕ್ಸ್-ರೇ ಫ್ಲೋರೆಸೆನ್ಸ್ ಉಪಕರಣವಿದ್ದರೆ ಲೋಹಕ್ಕೆ ಒಂದು ಗೀರೂ ಬೀಳದೆ ಅದರ ಧಾತುಗಳು ತಿಳಿಯುತ್ತವೆ. 1847ರದೆಂದು ಹೇಳುವ ಫ್ರೇಮಿನ ಲೋಹದಲ್ಲಿ ಇಂದಿನ ಉಕ್ಕಿನಂತೆ ಕ್ರೋಮಿಯಂ ಬೆರೆತಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಆಕ್ಷೇಪ ನಾಲ್ಕು: "ಮನೆತನದ ಮಾತನ್ನು ಅನುಮಾನಿಸುವುದು ಅವಮಾನ."

ಅನುಮಾನಿಸುವುದು ವ್ಯಕ್ತಿಯನ್ನಲ್ಲ, ಹೇಳಿಕೆಯನ್ನು. ಅಜ್ಜ ಹೇಳಿದ್ದನ್ನು ಮೊಮ್ಮಗ ನಂಬಿ ಹೇಳಿದರೂ ಅದು ತಪ್ಪಿರಬಹುದು. ಅಮೆರಿಕದ ಕುಖ್ಯಾತ ದುಷ್ಕರ್ಮಿ ಬಿಲ್ಲಿ ದಿ ಕಿಡ್‌ನನ್ನು ಕೊಂದ ಷೆರಿಫ್ ಪ್ಯಾಟ್ ಗ್ಯಾರೆಟ್‌ನ ಕೋಲ್ಟ್ 2021ರಲ್ಲಿ 60 ಲಕ್ಷ ಡಾಲರಿಗೂ ಮೇಲೆ ಹೋಯಿತು. ಕಥೆ ದೊಡ್ಡದು ಎಂಬ ಒಂದೇ ಕಾರಣಕ್ಕೆ ಅಷ್ಟು ಬೆಲೆ ಬರಲಿಲ್ಲ. ಆ ರಿವಾಲ್ವರಿಗಾಗಿ ಗ್ಯಾರೆಟ್‌ನ ಪತ್ನಿ ಕೋರ್ಟಿಗೆ ಹೋಗಿ ಗೆದ್ದ ದಾಖಲೆಯೂ ಸೇರಿ, ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಸರಪಳಿ ಇತ್ತು. ಮನೆತನದ ಮಾತು ನಿಜವಾಗಿದ್ದರೆ ಪರೀಕ್ಷೆ ಅದಕ್ಕೆ ಗೌರವವನ್ನೇ ತರುತ್ತದೆ.

ಆಕ್ಷೇಪ ಐದು: "ಹಳೆಯದಕ್ಕೆ ಕಾನೂನಿನ ತೊಡಕಿಲ್ಲ, ಇಷ್ಟೆಲ್ಲ ಯಾಕೆ?"

ತೊಡಕು ಇಲ್ಲೇ ಇದೆ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕು ಪುರಾತನ ಎನಿಸುತ್ತದೆ. ಆನಂತರದ ಫ್ರೇಮಿಗೆ ಯಾರೋ ಹಳೆಯ ನಂಬರ್ ಹೊಡೆದಿದ್ದರೆ ಅಲ್ಲಿನ ನಮ್ಮ ಕನ್ನಡಿಗ ಸಂಗ್ರಾಹಕರು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ. ಭಾರತದಲ್ಲಂತೂ ವಯಸ್ಸೊಂದೇ ರಕ್ಷಣೆಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುವುದು, ರಿಪೇರಿ ಮಾಡಿದರೂ ಬಂದೂಕಾಗಿ ಬಳಸಲಾಗದ ಹಳೆಯ ಆಯುಧಕ್ಕೆ. ಗುಂಡು ಹಾರಿಸಬಲ್ಲ ಅಜ್ಜನ ಕಾಲದ ರಿವಾಲ್ವರಿಗೂ ಲೈಸೆನ್ಸ್ ಬೇಕು.

ಆಕ್ಷೇಪ ಆರು: "ನನ್ನ ಹಣ, ನನ್ನ ಸಂತೋಷ. ನಕಲಿಯಾದರೆ ಯಾರಿಗೇನು?"

ನನಗೆ ಎಲ್ಲಕ್ಕಿಂತ ನೋವು ತರುವ ಮಾತು ಇದು. ಸಂಗ್ರಾಹಕನ ಕಪಾಟಿನಲ್ಲಿರುವುದು ಅಲ್ಲೇ ಉಳಿಯುವುದಿಲ್ಲ. ಅದರ ಚಿತ್ರ ಪುಸ್ತಕಕ್ಕೆ ಹೋಗುತ್ತದೆ, ಅಳತೆ ಪಟ್ಟಿಗೆ ಸೇರುತ್ತದೆ, ಮುಂದೊಂದು ದಿನ ವಸ್ತುವೇ ಮ್ಯೂಸಿಯಮ್ಮಿಗೆ ಹೋಗುತ್ತದೆ. ನಾಳೆಯ ವಿದ್ವಾಂಸ ಅದನ್ನೇ ಮಾದರಿ ಎಂದುಕೊಂಡು ನಿಜವಾದ ವಾಕರನ್ನು ಅನುಮಾನಿಸುತ್ತಾನೆ. ಒಂದು ನಕಲಿ ಸುಳ್ಳು ಹೇಳುವುದಷ್ಟೇ ಅಲ್ಲ, ಪಕ್ಕದ ಅಸಲಿಯ ಬಾಯಿಯನ್ನೂ ಮುಚ್ಚಿಸುತ್ತದೆ. 1847ರ ಕೆಲಸಗಾರರು ಲೋಹದಲ್ಲಿ ಉಳಿಸಿದ ಗುರುತುಗಳ ಹೊಣೆ ಈಗ ಅದನ್ನು ಕೊಳ್ಳುವವರ ಮೇಲಿದೆ.

ಆದ್ದರಿಂದ ನನ್ನ ಮಾತಿನಲ್ಲಿ ಬದಲಾವಣೆಯಿಲ್ಲ. ಸ್ವತಂತ್ರ ಪರೀಕ್ಷೆಗೆ ಒಪ್ಪಿಗೆ, ನಕಲಿ ಎಂದು ತಿಳಿದರೆ ಹಣ ವಾಪಸ್: ಈ ಎರಡನ್ನೂ ಮಾರುವವರಿಂದ ಬರಹದಲ್ಲಿ ಪಡೆಯಿರಿ. ಕೊಡಲು ಹಿಂದೇಟು ಹಾಕಿದರೆ, ವಸ್ತು ಎಷ್ಟೇ ಮನಸ್ಸು ಸೆಳೆದಿರಲಿ, ಕೊಳ್ಳಬೇಡಿ.